ಅಡ್ಡಗೋಡೆ ಮೇಲೆ ದೀಪ

ಕೆಲಸಕ್ಕೆ ಸೇರಿದ ದಿನ ರಾತ್ರಿ ತಿಪಟೂರಿನಿಂದ ಅಮ್ಮ ಫೋನ್ ಮಾಡಿದಳು. ಮೊದಲ ಪ್ರಶ್ನೆ, "ಊಟ ಆಯ್ತಾ?" ಎರಡನೇ ಪ್ರಶ್ನೆ, "ಆಫೀಸಲ್ಲಿ ನಿಂಗೇ ಅಂತ ರೂಮು ಕೊಟ್ಟಿದಾರಾ?"

"ರೂಮಲ್ಲಮ್ಮ, ಕ್ಯುಬಿಕಲ್."

"ಹಂಗಂದ್ರೆ?"

"ಮೂರು ಕಡೆ ಗೋಡೆ. ನಿಂತರೆ ಎದೆಮಟ್ಟ, ಕೂತರೆ ಹಣೆಮಟ್ಟ. ಹಿಂದುಗಡೆ ಅದೂ ಇಲ್ಲ. ಒಳಗೆ ಒಂದು ಟೇಬಲ್ಲು, ಒಂದು ಕುರ್ಚಿ, ಒಂದು ಕಂಪ್ಯೂಟರ್ರು. ಇಂಥವು ಸಾಲಾಗಿ ಎಂಬತ್ತು ಇವೆ."

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. "ಅಂದ್ರೆ ನಮ್ಮ ಕೊಟ್ಟಿಗೆ ಇದ್ದಂಗೆ ಅನ್ನು. ಗೌರಿ ಕಟ್ಟೋ ಜಾಗಕ್ಕೂ ಮೂರೇ ಕಡೆ ಗೋಡೆ."

ಗೌರಿ ನಮ್ಮನೆ ಹಸು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ, ಹದಿನೇಳು ಕಡೆ ಇಂಟರ್‌ವ್ಯೂ ಕೊಟ್ಟು, ಕೊನೆಗೂ ಗೌರಿಯ ಮಟ್ಟಕ್ಕೆ ಬಂದೆನಲ್ಲ ಅಂತ ಸಮಾಧಾನ ಮಾಡಿಕೊಂಡೆ. ವ್ಯತ್ಯಾಸ ಇಷ್ಟೇ. ಅವಳ ಕೊರಳಲ್ಲಿ ಹಗ್ಗ, ನನ್ನ ಕೊರಳಲ್ಲಿ ಐಡಿ ಕಾರ್ಡಿನ ದಾರ. ಹಗ್ಗ ಬಿಚ್ಚಿದ ತಕ್ಷಣ ಗೌರಿ ಬಾಲ ಎತ್ತಿಕೊಂಡು ಓಡುತ್ತಾಳೆ. ನಾವು ಹಾಗಲ್ಲ, ದರ್ಶಿನಿಯಲ್ಲಿ ಇಡ್ಲಿ ತಿನ್ನುವಾಗಲೂ ದಾರ ಬಿಚ್ಚುವುದಿಲ್ಲ. ನನ್ನ ಕಾರ್ಡಿನಲ್ಲಿರುವ ಫೋಟೊ ಎಷ್ಟು ಸಲ ಸಾಂಬಾರಿನಲ್ಲಿ ಮುಳುಗೆದ್ದಿದೆಯೋ ಲೆಕ್ಕವಿಲ್ಲ.

ಗೋಡೆ ಕಟ್ಟಿದವನ ಕಥೆ

ಇಂಥದ್ದೊಂದು ಕೊಟ್ಟಿಗೆಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದ ಅಂತ ಒಂದು ದಿನ ಹುಡುಕಿದೆ. ಅಮೆರಿಕದ ಹರ್ಮನ್ ಮಿಲ್ಲರ್ ಎಂಬ ಪೀಠೋಪಕರಣ ಕಂಪನಿಗೆ ಕೆಲಸ ಮಾಡುತ್ತಿದ್ದ ರಾಬರ್ಟ್ ಪ್ರಾಪ್ಸ್ಟ್ ಇದರ ಮೂಲಪುರುಷ. ಪಾಪ, ಅವನ ಉದ್ದೇಶ ಒಳ್ಳೆಯದೇ ಇತ್ತು. ಆಗಿನ ಆಫೀಸುಗಳಲ್ಲಿ ಪರೀಕ್ಷಾ ಕೊಠಡಿಯ ಹಾಗೆ ಸಾಲುಸಾಲು ಮೇಜು ಹಾಕುತ್ತಿದ್ದರು. ಕೂತವರಿಗೆ ಸ್ವಲ್ಪ ಮರೆ, ಸ್ವಲ್ಪ ಸ್ವಾತಂತ್ರ್ಯ ಇರಲಿ ಅಂತ 1968ರಲ್ಲಿ ಅತ್ತಿತ್ತ ಸರಿಸಬಹುದಾದ ತಡಿಕೆಗಳ ಒಂದು ವಿನ್ಯಾಸ ಕೊಟ್ಟ. ಅವನ ಲೆಕ್ಕದಲ್ಲಿ ಆ ತಡಿಕೆಗಳು 120 ಡಿಗ್ರಿಯಲ್ಲಿ, ಅಂದರೆ ತೋಳು ಚಾಚಿದ ಹಾಗೆ, ಅಗಲವಾಗಿ ತೆರೆದಿರಬೇಕಿತ್ತು. ಆದರೆ ಕಂಪನಿಗಳು ಇನ್ನೊಂದು ಲೆಕ್ಕ ಹಾಕಿದವು. ಅವನ್ನೇ 90 ಡಿಗ್ರಿಗೆ ಮಡಚಿದರೆ ಅದೇ ಜಾಗದಲ್ಲಿ ಇನ್ನಷ್ಟು ಜನರನ್ನು ತುಂಬಬಹುದಲ್ಲ! ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಚೀಲ ಒಟ್ಟುವ ಲೆಕ್ಕವೂ ಇದೇ ಅಂತ ಅವರು ಹೇಳಿದರು. ತನ್ನ ಕನಸು ಪೆಟ್ಟಿಗೆಯಾದದ್ದನ್ನು ನೋಡಿ ಪ್ರಾಪ್ಸ್ಟ್ ಕೊನೆಗಾಲದಲ್ಲಿ ತುಂಬ ನೊಂದುಕೊಂಡನಂತೆ.

ಇನ್ನೊಂದು ಸಂಗತಿ ಗೊತ್ತಾಗಿ ನಗು ಬಂತು. ಕ್ಯುಬಿಕಲ್ ಅನ್ನುವ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದರ ಅರ್ಥ ಮಲಗುವ ಕೋಣೆ. ಮಧ್ಯಾಹ್ನ ಊಟ ಮುಗಿಸಿ ಬಂದು ಎರಡೂವರೆ ಗಂಟೆಗೆ ನಮ್ಮ ಸಾಲನ್ನು ಒಮ್ಮೆ ನೋಡಿದರೆ ಪದದ ಮೂಲಾರ್ಥ ಇನ್ನೂ ಜೀವಂತವಾಗಿದೆ ಅಂತ ನಿಮಗೂ ಗೊತ್ತಾಗುತ್ತದೆ.

ಮುಖಕ್ಕಿಂತ ಮೊದಲು ಸದ್ದು

ಕ್ಯುಬಿಕಲ್ಲಿನಲ್ಲಿ ಅಕ್ಕಪಕ್ಕದವರ ಪರಿಚಯ ಆಗುವುದು ಸದ್ದಿನಿಂದ. ನನ್ನ ಎಡಗಡೆ ಗೋಡೆಯಾಚೆ ಹನ್ನೊಂದು ಗಂಟೆಗೊಮ್ಮೆ, ನಾಲ್ಕು ಗಂಟೆಗೊಮ್ಮೆ ಕುರುಕುರು ಸದ್ದು. ಅವರು ಚಕ್ಕುಲಿ ಮೇಡಂ. ಎದುರುಗಡೆ ಗೋಡೆಯಾಚೆ ದಿನವಿಡೀ "ಹಲೋ, ಆಮ್ ಐ ಆಡಿಬಲ್?" ಅಂತ ಕೇಳುವ ಗಂಟಲು. ಆತ ಹಲೋ ಹುಡುಗ. ಅವನ ಕಾಲ್ ಸೇರಿದವರಿಗೆ ಅವನು ಕೇಳಿಸುತ್ತಿದ್ದನೋ ಇಲ್ಲವೋ, ನಮ್ಮ ಮಹಡಿಗೆಲ್ಲ ಕೇಳಿಸುತ್ತಿದ್ದ. ಬಲಗಡೆ ಗೋಡೆಯಾಚೆ ಕೀಬೋರ್ಡನ್ನು ಹಳೇ ಟೈಪ್‌ರೈಟರಿನ ಹಾಗೆ ಕುಟ್ಟುವ ಹಿರಿಯರೊಬ್ಬರು. ಅವರು ಟಕಟಕ ಸರ್.

ಸೇರಿದ ಮೊದಲ ದಿನವೇ ಹೇಳಿದ್ದರು, ಇಲ್ಲಿ ಯಾರಿಗೂ ಸರ್, ಮೇಡಂ ಅನ್ನಬಾರದು, ಹೆಸರು ಹಿಡಿದು ಕರೆಯಬೇಕು. ಅಪ್ಪನ ವಯಸ್ಸಿನವರನ್ನು ಹೆಸರಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಸರ್ ಅನ್ನುವ ಹಾಗಿಲ್ಲ, ಹೆಸರು ಬಾಯಿಗೆ ಬರುತ್ತಿಲ್ಲ. ಹಾಗಾಗಿ ನಾಲ್ಕು ತಿಂಗಳು ಟಕಟಕ ಸರ್‌ಗೆ "ಎಕ್ಸ್‌ಕ್ಯೂಸ್ ಮಿ" ಅಂತಲೇ ನಾಮಕರಣವಾಗಿತ್ತು.

ಈ ಗೋಡೆಗಳ ಇನ್ನೊಂದು ಗುಣ ಹೇಳುತ್ತೇನೆ ಕೇಳಿ. ಫೋನಿನಲ್ಲಿ ಜೋರಾಗಿ ಮಾತಾಡಿದರೆ ಯಾರೂ ಗಮನ ಕೊಡುವುದಿಲ್ಲ. ದನಿ ತಗ್ಗಿಸಿದಿರೋ, ಎಂಟು ದಿಕ್ಕಿನ ಕೀಬೋರ್ಡುಗಳೂ ಒಮ್ಮೆಲೇ ನಿಲ್ಲುತ್ತವೆ. ಯಾರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ, ಯಾರ ಗೃಹಸಾಲದ ಕಂತು ತಪ್ಪಿತು, ಯಾರು ಬೇರೆ ಕಂಪನಿಯ ಇಂಟರ್‌ವ್ಯೂಗೆ ಹಲ್ಲುನೋವಿನ ರಜೆ ಹಾಕಿದರು ಎಲ್ಲವೂ ಪಿಸುಮಾತಿನಲ್ಲೇ ಊರಿಗೆಲ್ಲ ಗೊತ್ತಾಗುವುದು.

ಏಸಿಯದ್ದು ಬೇರೆಯೇ ಮಹಾಭಾರತ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬೆವರು ಸುರಿಸಿಕೊಂಡು ಬಸ್ಸಿಳಿದು ಒಳಗೆ ಬಂದರೆ, ನಾನು ಮತ್ತು ಚಕ್ಕುಲಿ ಮೇಡಂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆವು. ಹಲೋ ಹುಡುಗ ತೋಳು ಮಡಚಿಕೊಂಡು "ಏಸಿ ಕೆಲಸ ಮಾಡ್ತಿಲ್ವಾ?" ಅನ್ನುತ್ತಿದ್ದ. ನಮ್ಮದು ಬರೀ ನಖರಾ ಅಲ್ಲ ಸ್ವಾಮಿ, ಅದಕ್ಕೆ ಆಧಾರವಿದೆ. ಆಫೀಸಿನ ತಂಪಿನ ಲೆಕ್ಕವನ್ನು 1960ರ ದಶಕದಲ್ಲಿ ಹಾಕಿದ್ದು ನಲವತ್ತು ವರ್ಷ ವಯಸ್ಸಿನ, 70 ಕಿಲೋ ತೂಕದ ಗಂಡಸಿನ ಮೈಶಾಖವನ್ನು ಆಧರಿಸಿ ಅಂತ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು 2015ರಲ್ಲಿ ತೋರಿಸಿಕೊಟ್ಟರು. ಆ ಎಪ್ಪತ್ತು ಕಿಲೋ ಮಹಾಶಯ ಯಾರೋ ಗೊತ್ತಿಲ್ಲ. ಅವನಿಗೆ ಸೆಕೆಯಾಗಬಾರದು ಅಂತ ನಾವು ನಡುಗುತ್ತಿದ್ದೇವೆ.

ಇನ್ನು ಕುರ್ಚಿ. ಹೊಸಬರಿಗೆ ಸಿಗುವುದು ಎಲ್ಲರೂ ಬೇಡವೆಂದು ಬಿಟ್ಟ ಕುರ್ಚಿ. ನನ್ನದರ ಕೆಳಗಿನ ಪಂಪು ಹೋಗಿತ್ತು. ಬೆಳಗ್ಗೆ ಎತ್ತರಿಸಿ ಕೂತರೆ ಎದುರು ಗೋಡೆಯಾಚೆಯ ಗಡಿಯಾರ ಪೂರ್ತಿ ಕಾಣುತ್ತಿತ್ತು. ಹನ್ನೊಂದಕ್ಕೆ ಅರ್ಧ ಗಡಿಯಾರ. ಊಟದ ಹೊತ್ತಿಗೆ ಬರೀ ಹನ್ನೆರಡರ ಅಂಕಿ. ನಾಲ್ಕಕ್ಕೆ ಗೋಡೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಗೋಡೆ ಬೆಳೆಯುತ್ತಿರಲಿಲ್ಲ, ನಾನು ಇಳಿಯುತ್ತಿದ್ದೆ. ಬದಲಾಯಿಸಿಕೊಡಿ ಅಂತ ಕೇಳಬಹುದಿತ್ತು. ಹೊಸಬಳು, ಬಂದ ತಕ್ಷಣ ಕುರ್ಚಿಗೆ ತಕರಾರು ತೆಗೆದಳು ಅಂದುಕೊಂಡಾರು ಅಂತ ಸುಮ್ಮನಿದ್ದೆ.

ಆಫೀಸಿನ ಭಾಷೆ

ನಿಜ ಹೇಳಬೇಕೆಂದರೆ ಸುಮ್ಮನಿರುವುದೇ ಆಗ ನನ್ನ ಮುಖ್ಯ ಕೆಲಸವಾಗಿತ್ತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಬರುತ್ತದೆ. ಹತ್ತು ಜನರ ಮುಂದೆ ಮಾತಾಡಬೇಕು ಅಂದರೆ ಮಾತ್ರ ವಾಕ್ಯ ಗಂಟಲಲ್ಲೇ ವ್ಯಾಕರಣ ತಿದ್ದಿಕೊಳ್ಳುತ್ತ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಮೀಟಿಂಗ್ ಮುಗಿದಿರುತ್ತಿತ್ತು.

ನಿಧಾನಕ್ಕೆ ಒಂದು ಗುಟ್ಟು ತಿಳಿಯಿತು. ಆಫೀಸಿನಲ್ಲಿ ಇಂಗ್ಲಿಷಿಗಿಂತ ಮುಖ್ಯವಾದ ಇನ್ನೊಂದು ಭಾಷೆಯಿದೆ. "ವಿಲ್ ಲುಕ್ ಇನ್‌ಟು ಇಟ್" ಅಂದರೆ ನೋಡುವುದಿಲ್ಲ. "ಲೆಟ್ಸ್ ಟೇಕ್ ಇಟ್ ಆಫ್‌ಲೈನ್" ಅಂದರೆ ಇಲ್ಲಿಗೇ ಬಿಡಿ. "ಗುಡ್ ಕ್ವಶ್ಚನ್" ಅಂದರೆ ಉತ್ತರ ನನಗೂ ಗೊತ್ತಿಲ್ಲ. ನಮ್ಮಜ್ಜಿ ಇದ್ದಿದ್ದರೆ ಇದನ್ನೆಲ್ಲ ಕೇಳಿ ಒಂದೇ ಮಾತು ಹೇಳುತ್ತಿದ್ದಳು: "ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡ್ತಾರೆ." ಆ ಕಡೆಗೂ ಪೂರ್ತಿ ಬೆಳಕಿಲ್ಲ, ಈ ಕಡೆಗೂ ಇಲ್ಲ. ಎಂಬತ್ತು ಅಡ್ಡಗೋಡೆಗಳಿರುವ ಜಾಗದಲ್ಲಿ ದೀಪಗಳಿಗೇನು ಬರ!

ನಮಗೆ ಕೊಡುವ ಆಫರ್ ಲೆಟರ್ ಕೂಡ ಅಂಥದ್ದೇ ಒಂದು ದೀಪ. ಕೆಲಸ ಹುಡುಕುತ್ತಿರುವವರು ಇದನ್ನು ಗಮನಿಸಿ. ನನ್ನ ಪತ್ರದಲ್ಲಿ ವರ್ಷಕ್ಕೆ 3 ಲಕ್ಷ 60 ಸಾವಿರ ಅಂತಿತ್ತು. ತಿಂಗಳಿಗೆ 30 ಸಾವಿರ ಅಂತ ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಆ ಮೊತ್ತದಲ್ಲಿ ಕಂಪನಿ ಕಟ್ಟುವ ಪಿಎಫ್ ಪಾಲು ಸೇರಿರುತ್ತದೆ, ಐದು ವರ್ಷ ಇದ್ದರೆ ಸಿಗುವ ಗ್ರಾಚ್ಯುಟಿಯೂ ಸೇರಿರುತ್ತದೆ. ಆಮೇಲೆ ನಮ್ಮ ಮೂಲವೇತನದ ಶೇ 12ರಷ್ಟು ಪಿಎಫ್‌ಗೆ, 200 ರೂಪಾಯಿ ವೃತ್ತಿ ತೆರಿಗೆಗೆ. ಎಲ್ಲ ಕಳೆದು ಕೈಗೆ ಬಂದದ್ದು 25 ಸಾವಿರದ ಆಸುಪಾಸು. ಹಾಗಾಗಿ ಆಫರ್ ಕೊಡುವಾಗಲೇ "ಕೈಗೆ ಎಷ್ಟು ಬರುತ್ತೆ?" ಅಂತ ಕೇಳಿಬಿಡಿ. ನಾನು ಕೇಳಿರಲಿಲ್ಲ. ಹೇಳಿದೆನಲ್ಲ, ಸುಮ್ಮನಿರುವುದರಲ್ಲಿ ನಾನು ಪ್ರವೀಣೆ.

ಬರಬರುತ್ತ ನಾನೂ ಒಂದು ದೀಪ ಹಚ್ಚುವುದನ್ನು ಕಲಿತೆ. ಬೆಳಗಿನ ಮೀಟಿಂಗಿನಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸ ಎಲ್ಲಿಗೆ ಬಂತು ಅಂತ ಹೇಳಬೇಕು. ನನ್ನ ಸರದಿ ಬಂದಾಗ ಎರಡೇ ಪದ: "ಆನ್ ಟ್ರ್ಯಾಕ್." ಚಿಕ್ಕ ವಾಕ್ಯ, ವ್ಯಾಕರಣದ ಭಯವಿಲ್ಲ. ಎಲ್ಲರೂ ತಲೆದೂಗಿ ಮುಂದಿನವರ ಕಡೆ ತಿರುಗುತ್ತಿದ್ದರು.

ನಾಲ್ಕು ದಿನ, ಐದು ನಿಮಿಷ

ಐದನೇ ತಿಂಗಳಲ್ಲಿ ನನ್ನ ಟ್ರ್ಯಾಕ್ ತಪ್ಪಿತು. ಅಮೆರಿಕದ ಗ್ರಾಹಕರೊಬ್ಬರ ಮಾರಾಟದ ಲೆಕ್ಕವನ್ನು ತಿಂಗಳುವಾರು ಜೋಡಿಸಿ ವರದಿ ಮಾಡಿಕೊಡಬೇಕಿತ್ತು. ಅರ್ಧಕ್ಕಿಂತ ಹೆಚ್ಚು ಸಾಲುಗಳಲ್ಲಿ ಕೆಂಪು ಎರರ್. ಸೋಮವಾರ ತಿದ್ದಿದೆ, ಆಗಲಿಲ್ಲ. ಮಂಗಳವಾರ ಎಲ್ಲ ಅಳಿಸಿ ಮತ್ತೆ ಮಾಡಿದೆ, ಅದೇ ಕೆಂಪು. ಬುಧವಾರ ಊಟ ಸೇರಲಿಲ್ಲ. ಮೂರೂ ದಿನ ಬೆಳಗ್ಗೆ "ಆನ್ ಟ್ರ್ಯಾಕ್" ಅಂದಿದ್ದೆ. ಇನ್ನು ಗುರುವಾರ ಎದ್ದು "ಗೊತ್ತಾಗ್ತಿಲ್ಲ" ಅನ್ನುವುದು ಹೇಗೆ? ಆರು ತಿಂಗಳ ಪ್ರೊಬೇಷನ್ ಮುಗಿಯಲು ಐದು ವಾರ ಬಾಕಿ. ಆ ಸಂಬಳ ನಂಬಿಕೊಂಡು ಅಪ್ಪ ತಮ್ಮನ ಡಿಪ್ಲೊಮಾ ಫೀಸು ಕಟ್ಟಿದ್ದರು. ಗುರುವಾರವೂ "ಆನ್ ಟ್ರ್ಯಾಕ್" ಅಂದೆ.

ಆ ಸಂಜೆ ಏಳು ಗಂಟೆ. ಅರ್ಧ ಮಹಡಿ ಖಾಲಿ. ಕುರ್ಚಿ ಪೂರ್ತಿ ಇಳಿದಿತ್ತು. ನನಗೊಂದು ಉಪಾಯ ಹೊಳೆಯಿತು. ಕೆಂಪಾದ ಸಾಲುಗಳನ್ನು ಅಳಿಸಿಬಿಟ್ಟರೆ? ಉಳಿದದ್ದು ಸರಿಯಾಗಿಯೇ ಇದೆಯಲ್ಲ, ಅಷ್ಟನ್ನೇ ಕಳಿಸಿದರೆ ಯಾರಿಗೆ ಗೊತ್ತಾಗುತ್ತೆ? ಸಾಲುಗಳನ್ನು ಆರಿಸಿ ಡಿಲೀಟ್ ಮೇಲೆ ಬೆರಳಿಟ್ಟೆ. ಬೆರಳು ಒತ್ತಲಿಲ್ಲ. "ಅಯ್ಯೋ ದೇವ್ರೇ, ಏನ್ ಮಾಡ್ಲಿ ಈಗ" ಅಂತ ಬಾಯಿಂದ ಬಂದುಬಿಟ್ಟಿತು.

ಬಲಗಡೆ ಗೋಡೆಯಾಚೆ ಟಕಟಕ ನಿಂತಿತು.

"ಏನಾಯ್ತಮ್ಮ?"

ಕನ್ನಡ! ಐದು ತಿಂಗಳಿಂದ ಆ ಗೋಡೆಯಾಚೆಯಿಂದ ನಾನು ಕೇಳಿದ್ದು ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಉತ್ತರದ ಕಡೆಯವರೇ ಇರಬೇಕು ಅಂದುಕೊಂಡಿದ್ದೆ. ಅವರೂ ನನ್ನ "ಎಕ್ಸ್‌ಕ್ಯೂಸ್ ಮಿ" ಕೇಳಿ ಹಾಗೇ ಅಂದುಕೊಂಡಿದ್ದರಂತೆ. ಗೋಡೆ ಮೇಲೆ ನರೆತ ತಲೆಯೊಂದು ಎದ್ದಿತು.

"ಸರ್, ನೀವು ಕನ್ನಡದವರಾ?"

"ಕಡೂರು. ನೀನು?"

"ತಿಪಟೂರು ಸರ್."

"ಸರಿ ಹೋಯ್ತು. ಒಂದೇ ರೈಲಲ್ಲಿ ಊರಿಗೆ ಹೋಗೋರು ಗೋಡೆ ಆಚೆ ಈಚೆ ಕೂತ್ಕೊಂಡು ಇಂಗ್ಲಿಷಲ್ಲಿ ಮೆಯಿಲ್ ಕಳಿಸ್ಕೊಂತಾ ಇದೀವಿ."

ಬಂದು ನನ್ನ ಪರದೆ ನೋಡಿದರು. ಮೇಲಿಂದ ಕೆಳಗೆ ಒಂದು ಸಲ ಸರಿಸಿದರು. "ತಿಂಗಳಲ್ಲಿ ಹನ್ನೆರಡನೇ ತಾರೀಕಿನವರೆಗೆ ಎರರ್ ಇಲ್ಲ, ಹದಿಮೂರರಿಂದ ಶುರು. ನೋಡಿದ್ಯಾ?"

ನೋಡಿರಲಿಲ್ಲ. ನಾಲ್ಕು ದಿನ ಕೆಂಪನ್ನೇ ನೋಡುತ್ತಿದ್ದೆ, ತಾರೀಕು ನೋಡಿರಲಿಲ್ಲ.

ಸಮಸ್ಯೆ ಇಷ್ಟೇ. ನಾವು ತಾರೀಕು ಬರೆಯುವಾಗ ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದವರು ತಿಂಗಳು ಮೊದಲು, ದಿನ ಆಮೇಲೆ. 03/04 ಅಂದರೆ ನಮಗೆ ಏಪ್ರಿಲ್ 3, ಅವರಿಗೆ ಮಾರ್ಚ್ 4. ನನ್ನ ಕಂಪ್ಯೂಟರ್ ನಮ್ಮ ಪದ್ಧತಿಯಲ್ಲೇ ಓದುತ್ತಿತ್ತು. 03/13 ಬಂದಾಗ ಹದಿಮೂರನೇ ತಿಂಗಳು ಎಲ್ಲಿಂದ ತರಲಿ ಅಂತ ಕೈಯೆತ್ತುತ್ತಿತ್ತು. ಓದುವ ಕ್ರಮ ಬದಲಾಯಿಸಿದೆವು. ಐದು ನಿಮಿಷ. ಕೆಂಪೆಲ್ಲ ಮಾಯ.

"ಸದ್ಯ, ಬರೀ ಹದಿಮೂರರ ಮೇಲಿನದ್ದು ತಪ್ಪಾಗಿತ್ತು" ಅಂದೆ.

"ಹನ್ನೆರಡರವರೆಗಿನದ್ದೂ ತಪ್ಪೇ ಕಣಮ್ಮ" ಅಂದರು. "ಮಾರ್ಚ್ ನಾಲ್ಕರ ಮಾರಾಟ ಏಪ್ರಿಲ್ ಲೆಕ್ಕಕ್ಕೆ ಹೋಗಿತ್ತಲ್ಲ. ಎರರ್ ತೋರಿಸ್ತಿದ್ದ ಸಾಲು ಪಾಪ ನಿಂಗೆ ನಿಜ ಹೇಳ್ತಿತ್ತು. ಸುಮ್ನೆ ಇದ್ದ ಸಾಲೇ ಮೋಸ ಮಾಡ್ತಿದ್ದಿದ್ದು."

ನನ್ನ ಕಿವಿ ಬಿಸಿಯಾಯಿತು. ಡಿಲೀಟ್ ಒತ್ತಿದ್ದರೆ ನಾನು ನಿಜ ಹೇಳುತ್ತಿದ್ದ ಸಾಲುಗಳನ್ನೆಲ್ಲ ಅಳಿಸಿ, ಬರೀ ತಪ್ಪನ್ನೇ ಚೆಂದ ಮಾಡಿ ಗ್ರಾಹಕರಿಗೆ ಕಳಿಸುತ್ತಿದ್ದೆ.

ಶುಕ್ರವಾರ ಬೆಳಗಿನ ಮೀಟಿಂಗಿನಲ್ಲಿ ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲೇ ಹೇಳಿದೆ. ನಾಲ್ಕು ದಿನ ಸಿಕ್ಕಿಹಾಕಿಕೊಂಡಿದ್ದೆ, ಹೇಳಿರಲಿಲ್ಲ, ನಿನ್ನೆ ಸಂಜೆ ಸರಿಯಾಯಿತು. ವ್ಯಾಕರಣ ಎಲ್ಲೆಲ್ಲಿ ತಪ್ಪಿತೋ ದೇವರಿಗೇ ಗೊತ್ತು, ಆದರೆ ಎಲ್ಲರಿಗೂ ಅರ್ಥವಾಯಿತು. ಮ್ಯಾನೇಜರ್ ಗದರಲಿಲ್ಲ. "ತಡವಾಗುತ್ತೆ ಅಂತ ಗೊತ್ತಿದ್ರೆ ಗ್ರಾಹಕರಿಗೆ ಮೊದಲೇ ಹೇಳಬಹುದು. ನನಗೇ ಗೊತ್ತಿಲ್ಲದಿದ್ರೆ ಏನು ಹೇಳಲಿ?" ಅಂದರು. ಹಾಗಂತ ಮರೆತೂಬಿಡಲಿಲ್ಲ. ನನ್ನ ಪ್ರೊಬೇಷನ್ ಒಂದು ತಿಂಗಳು ಮುಂದಕ್ಕೆ ಹೋಯಿತು. ಅದು ನಾಲ್ಕು "ಆನ್ ಟ್ರ್ಯಾಕ್"ಗಳ ಬೆಲೆ.

ಖಾಲಿ ಕುರ್ಚಿ

ಅಲ್ಲಿಂದಾಚೆ ಬಲಗಡೆ ಗೋಡೆ ಇದ್ದೂ ಇಲ್ಲದಂತಾಯಿತು. ಅಮ್ಮ ಕಳಿಸಿದ ಕೊಬ್ಬರಿ ಮಿಠಾಯಿ ಆ ಕಡೆಗೆ, ಅವರ ಮನೆಯ ಹಿತಕಿದಬೇಳೆ ಸಾರು ಈ ಕಡೆಗೆ. ಆ ಸಾರು ಮೈಕ್ರೋವೇವಿನಲ್ಲಿ ಬಿಸಿಯಾದ ದಿನ ಚಕ್ಕುಲಿ ಮೇಡಂ, ಹಲೋ ಹುಡುಗ ಎಲ್ಲರ ತಲೆಗಳೂ ಗೋಡೆಗಳ ಮೇಲೆ ಎದ್ದು ನಿಂತಿದ್ದವು. ಒಂದೂವರೆ ವರ್ಷ ಕಂಪನಿಯ ಟೀಮ್ ಬಿಲ್ಡಿಂಗ್ ಕಾರ್ಯಕ್ರಮಗಳಿಂದ ಆಗದಿದ್ದದ್ದು ಒಂದು ಡಬ್ಬಿ ಅವರೆಕಾಳಿನಿಂದ ಆಯಿತು ಅಂತ ಹಲೋ ಹುಡುಗ ಈಗಲೂ ಹೇಳುತ್ತಾನೆ.

ಏಳು ತಿಂಗಳ ನಂತರ ಟಕಟಕ ಸರ್ ಕೆಲಸ ಮಾಡುತ್ತಿದ್ದ ಪ್ರಾಜೆಕ್ಟು ನಿಂತುಹೋಯಿತು. ಕೆಲವು ವಾರ ಬೆಂಚಿನಲ್ಲಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ಮೀಟಿಂಗ್ ರೂಮಿಗೆ ಕರೆ ಬಂತು. ಅರ್ಧ ಗಂಟೆಯಲ್ಲಿ ವಾಪಸ್ ಬಂದರು. ಗೋಡೆಗೆ ಸಿಕ್ಕಿಸಿದ್ದ ಮಗಳ ಫೋಟೊ, ನೀರಿನ ಬಾಟಲಿ, ಸವೆದ ಕೀಬೋರ್ಡ್, ಎಲ್ಲ ಒಂದು ರಟ್ಟಿನ ಪೆಟ್ಟಿಗೆಯೊಳಗೆ ಹೋದವು. ಹನ್ನೆರಡು ವರ್ಷದ ಸಾಮಾನು ಪೆಟ್ಟಿಗೆಯ ಅರ್ಧಕ್ಕೂ ಬರಲಿಲ್ಲ.

ಎಂಟು ದಿಕ್ಕಿನ ಕೀಬೋರ್ಡುಗಳೂ ನಿಂತಿದ್ದವು. ಯಾರೂ ಏಳಲಿಲ್ಲ. ನಾನು ಎದ್ದು ನಿಂತೆ. ಏನು ಹೇಳಬೇಕೋ ತಿಳಿಯದೆ "ಎಲ್ಲಾ ಒಳ್ಳೇದಾಗುತ್ತೆ ಸರ್" ಅಂದೆ. ಅಂದ ಮೇಲೆ ಅದೂ ಒಂದು ಅಡ್ಡಗೋಡೆ ದೀಪವೇ ಅನ್ನಿಸಿ ನಾಚಿಕೆಯಾಯಿತು.

ಅವರು ನಕ್ಕು ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿದರು. "ಇದನ್ನ ಬೇಗ ಒಳಗೆ ಎಳ್ಕೋ. ಐದು ನಿಮಿಷ ಬಿಟ್ರೆ ಯಾರಾದ್ರೂ ಹೊತ್ಕೊಂಡು ಹೋಗ್ತಾರೆ."

ಮಾರನೇ ದಿನ ಬೆಳಗ್ಗೆ ಪರಿಚಯದವರಿಗೆಲ್ಲ ಅವರಿಂದ ಒಂದು ಮೆಸೇಜ್ ಬಂತು. "ಹೊಸ ಅವಕಾಶಗಳ ಹುಡುಕಾಟದಲ್ಲಿದ್ದೇನೆ" ಅಂತ ಸುತ್ತಿಬಳಸಿ ಬರೆದಿರಲಿಲ್ಲ. ನೇರವಾಗಿ, "ನನ್ನ ಕೆಲಸ ಹೋಗಿದೆ. ಈ ಈ ಕೆಲಸ ಚೆನ್ನಾಗಿ ಬರುತ್ತದೆ. ಎಲ್ಲಾದರೂ ಇದ್ದರೆ ತಿಳಿಸಿ." ವಾರದೊಳಗೆ ಹಲೋ ಹುಡುಗ ತನ್ನ ಹಳೇ ಕಂಪನಿಗೆ ಅವರ ಹೆಸರು ಹೇಳಿದ. ಎರಡು ತಿಂಗಳಾದ ಮೇಲೆ ಅಲ್ಲೇ ಸೇರಿದರು. ಸಂಬಳ ಮೊದಲಿಗಿಂತ ಸ್ವಲ್ಪ ಕಡಿಮೆಯಂತೆ. ಅದನ್ನೂ ನೇರವಾಗಿಯೇ ಹೇಳಿದರು. "ಇಲ್ಲಿ ಕ್ಯುಬಿಕಲ್ ಇಲ್ಲ, ಒಂದೇ ಉದ್ದ ಮೇಜು. ಮದುವೆ ಮನೆ ಪಂಕ್ತಿಯಲ್ಲಿ ಕೂತಂಗಿದೆ" ಅಂದರು.

ಬಲಗಡೆ ಗೋಡೆಯಾಚೆಗೆ ಕಳೆದ ತಿಂಗಳು ಹೊಸ ಹುಡುಗನೊಬ್ಬ ಬಂದಿದ್ದಾನೆ. ಕಾಲೇಜಿನಿಂದ ನೇರ ಬಂದವನು. ಟಕಟಕ ಸದ್ದಿಲ್ಲ, ಕುರುಕುರು ಇಲ್ಲ. ಆಗಾಗ ಉಸ್ಸಂತ ಒಂದು ನಿಟ್ಟುಸಿರು, ಅಷ್ಟೇ. ಮೊನ್ನೆ ಮೂರು ದಿನ ಸತತವಾಗಿ ಬೆಳಗಿನ ಮೀಟಿಂಗಿನಲ್ಲಿ ಎರಡೇ ಪದ ಹೇಳಿದ. ಯಾವುದು ಅಂತ ನಾನು ಬರೆಯಬೇಕಿಲ್ಲ.

ಸಂಜೆ ಎದ್ದು ನಿಂತು ಗೋಡೆ ಮೇಲಿಂದ ಇಣುಕಿದೆ. ಗಲ್ಲದವರೆಗೂ ಟೇಬಲ್ಲಿನೊಳಗೆ ಮುಳುಗಿ ಕೂತಿದ್ದ. ಪಂಪು ಹೋದ ಆ ಕುರ್ಚಿಯನ್ನು ಅಂದು ನಾನೇ ಆ ಕಡೆಗೆ ತಳ್ಳಿದ್ದು ನೆನಪಾಗಿ ಪಿಚ್ಚೆನಿಸಿತು.

"ಏನಾಯ್ತಪ್ಪ?" ಅಂದೆ.

"ನಥಿಂಗ್ ಮೇಡಂ. ಆನ್ ಟ್ರ್ಯಾಕ್."

"ಅದಿರಲಿ. ಮೊದಲು ಎದ್ದೇಳು. ಆ ಕುರ್ಚಿ ಬದಲಾಯಿಸಿಕೊಂಡು ಬರೋಣ. ಆಮೇಲೆ ಎಲ್ಲಿ ಸಿಕ್ಕಿಹಾಕ್ಕೊಂಡಿದೀಯ ತೋರಿಸು."